ಯದುಗಿರಿಯ ಬಾಲಕ ಮತ್ತು ನಾಲ್ಕು ತಾಲ್ಲೂಕುಗಳ ಹಾಡು

ಸಂಗೀತಗಾರರ ಬದುಕನ್ನು ಬರೆಯುವವರು ಸಾಮಾನ್ಯವಾಗಿ ಗುರುವಿನ ಹೆಸರಿನಿಂದ ಆರಂಭಿಸುತ್ತಾರೆ. ಯಾರಲ್ಲಿ ಕಲಿತರು, ಎಷ್ಟು ವರ್ಷ ಕಲಿತರು, ಮೊದಲ ಕಚೇರಿ ಎಲ್ಲಿ ನಡೆಯಿತು ಎಂಬ ವಿವರಗಳು ಸಾಲಾಗಿ ಬರುತ್ತವೆ. ಆದರೆ ಗುರುವಿನ ಬಳಿಗೆ ಹೋಗುವ ಮೊದಲೇ ಮಗುವಿಗೆ ಕಿವಿ ಇರುತ್ತದೆ. ಎಳೆಯ ವಯಸ್ಸಿನಲ್ಲಿ ಆ ಕಿವಿಗೆ ಬಿದ್ದದ್ದೇನು ಎಂಬುದನ್ನು ಚರಿತ್ರೆ ಬಹುಮಟ್ಟಿಗೆ ಮರೆತುಬಿಡುತ್ತದೆ. ಮರೆತುಹೋದ ಆ ಭಾಗವನ್ನು ನೆನೆಯಲು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಿಗಿಂತ ತಕ್ಕ ನೆಲ ಸುಲಭವಾಗಿ ದೊರೆಯದು.

1905ರ ಮಾರ್ಚ್ 17ರಂದು, ಈಗಿನ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಪುರೋಹಿತರ ಮನೆಯೊಂದರಲ್ಲಿ ಗಂಡುಮಗು ಹುಟ್ಟಿತು. ಪುರೋಹಿತ ತಿರುನಾರಾಯಣ ನರಸಿಂಹಾಚಾರ್ ಎಂಬ ಆ ಮಗುವನ್ನು ಕನ್ನಡ ನಾಡು ಮುಂದೆ ಪು.ತಿ.ನ. ಎಂಬ ಮೂರಕ್ಷರಗಳಿಂದ ಗುರುತಿಸಿತು. 1933ರಲ್ಲಿ ಪ್ರಕಟವಾದ 'ಹಣತೆ' ಅವರನ್ನು ಕವಿಯೆಂದು ಪ್ರಸಿದ್ಧಗೊಳಿಸಿತು. ಅವರು ಸಂಗೀತದ ರಚನಕಾರರೂ ಆಗಿದ್ದರೆಂಬುದು ಅಷ್ಟಾಗಿ ಜನರ ನಾಲಿಗೆಯ ಮೇಲಿಲ್ಲ. 'ಅಹಲ್ಯೆ', 'ಗೋಕುಲ ನಿರ್ಗಮನ', 'ಹಂಸ ದಮಯಂತಿ' ಮೊದಲಾದವು ಓದುವುದಕ್ಕೆ ಮಾತ್ರವಲ್ಲ, ಹಾಡುವುದಕ್ಕೆಂದೇ ರಚಿತವಾದ ಗೀತನಾಟಕಗಳು. ತಮ್ಮ ಗೀತೆಗಳಿಗೆ ತಾವೇ ರಾಗಗಳನ್ನು ಯೋಜಿಸಿದ್ದಲ್ಲದೆ, ಕೆಲವು ಹೊಸ ರಾಗಗಳನ್ನೂ ಅವರು ಕಲ್ಪಿಸಿದರು. 'ಹಂಸ ದಮಯಂತಿ ಮತ್ತು ಇತರ ರೂಪಕಗಳು' ಕೃತಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಈ ರಾಗಗಳು ಎಲ್ಲಿಂದ ಬಂದವು? ಅವರು ಆಸ್ಥಾನ ವಿದ್ವಾಂಸರಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಸಂಸ್ಥಾನದ ಸೈನ್ಯ ಇಲಾಖೆಯ ಕಚೇರಿಯಲ್ಲಿ ಕಡತಗಳ ನಡುವೆ ದುಡಿದವರು. ಉತ್ತರವನ್ನು ಮೇಲುಕೋಟೆಯ ಬೀದಿಗಳಲ್ಲೇ ಹುಡುಕಬೇಕು. ಅಲ್ಲಿ ಬೆಳೆಯುವ ಮಗುವಿಗೆ ನಾದವು ವಿಶೇಷ ಸಂದರ್ಭದ ಸಂಗತಿಯಲ್ಲ, ದಿನದಿನದ ಗಾಳಿ. ಉತ್ಸವಮೂರ್ತಿಯ ಮೆರವಣಿಗೆಯಲ್ಲಿ ಮುಂದೆ ದಿವ್ಯಪ್ರಬಂಧದ ಗೋಷ್ಠಿ, ಹಿಂದೆ ವೇದಘೋಷ. ಒಂದು ತಮಿಳು, ಇನ್ನೊಂದು ಸಂಸ್ಕೃತ. ನೋಡುವವರ ಮಾತು ಕನ್ನಡ. ಅದರೊಂದಿಗೆ ನಾಗಸ್ವರ, ಡೋಲು, ಗಂಟೆ. ವೈರಮುಡಿ ಉತ್ಸವದ ರಾತ್ರಿಯಂತೂ ಸುತ್ತಲಿನ ಹಳ್ಳಿಗಳ ಜನರೆಲ್ಲ ಬೆಟ್ಟವೇರುತ್ತಾರೆ. ದೇವಾಲಯದ ಒಳಗಿನ ಶಾಸ್ತ್ರ ಮತ್ತು ಹೊರಗಿನ ಜನಪದ ಒಂದೇ ಬೀದಿಯಲ್ಲಿ ಎದುರಾಗುವ ಹೊತ್ತು ಅದು.

ವೇದಪಾಠದ ಕ್ರಮವನ್ನೂ ಇಲ್ಲಿ ಗಮನಿಸಬೇಕು. ಅದು ಪುಸ್ತಕದಿಂದ ಕಲಿಯುವ ಪಾಠವಲ್ಲ, ಕಿವಿಯಿಂದ ಕಲಿಯುವ ಪಾಠ. ಉದಾತ್ತ, ಅನುದಾತ್ತ, ಸ್ವರಿತ ಎಂಬ ಮೂರು ಸ್ವರಸ್ಥಾನಗಳಲ್ಲಿ ಒಂದು ತಪ್ಪಿದರೂ ಪಾಠವೇ ತಪ್ಪಿದಂತೆ. ಹಾಗೆಯೇ ಹ್ರಸ್ವ, ದೀರ್ಘಗಳ ಮಾತ್ರೆ. ಅರ್ಥ ತಿಳಿಯುವ ಮೊದಲೇ ಶ್ರುತಿ ಮತ್ತು ಕಾಲಪ್ರಮಾಣ ಮಗುವಿನ ಉಸಿರಿಗೆ ಇಳಿಯುತ್ತವೆ. ಇದನ್ನು ಸಂಗೀತಶಾಲೆ ಎಂದು ಯಾರೂ ಕರೆಯಲಿಲ್ಲ. ಆದರೆ ಸಂಗೀತಶಾಲೆ ಮಾಡಬೇಕಾದ ಕೆಲಸದ ಅರ್ಧಭಾಗವನ್ನು ಅದು ಮಾಡಿಬಿಡುತ್ತಿತ್ತು.

ಮೇಲುಕೋಟೆಯಿಂದ ಕಾವೇರಿಯ ಕಡೆಗೆ ಇಳಿದರೆ ಶ್ರೀರಂಗಪಟ್ಟಣ. 1610ರಲ್ಲಿ ರಾಜ ಒಡೆಯರ ವಶವಾದ ದಿನದಿಂದ 1799ರಲ್ಲಿ ಟಿಪ್ಪು ಸುಲ್ತಾನನ ಮರಣದವರೆಗೆ ಅದು ರಾಜಧಾನಿ. ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ, ಹದಿನೇಳನೆಯ ಶತಮಾನದ ಕೊನೆಯ ದಶಕಗಳಲ್ಲಿ, ಜಯದೇವನ 'ಗೀತಗೋವಿಂದ'ದ ಮಾದರಿಯಲ್ಲಿ ಹಾಡಲೆಂದು ರಚಿತವಾದ 'ಗೀತಗೋಪಾಲ' ಈ ಆಸ್ಥಾನದ ಕೊಡುಗೆ. 1799ರ ಬಳಿಕ ರಾಜಧಾನಿ ಮೈಸೂರಿಗೆ ಹೋಯಿತು. ಅದರೊಂದಿಗೆ ಕಲಾವಿದರ ಆಶ್ರಯವೂ ಹೋಯಿತು. ಅರಮನೆ ಹೋದ ಊರಿನಲ್ಲಿ ಆಸ್ಥಾನ ಸಂಗೀತ ಉಳಿಯುವುದಿಲ್ಲ. ಇದು ಚರಿತ್ರೆಯ ಪಾಠ. ಕೃಷ್ಣನ ಕಥೆಯನ್ನು ಕನ್ನಡದಲ್ಲಿ ಹಾಡಾಗಿಸುವ ಕೆಲಸ ಮಾತ್ರ ನಿಲ್ಲಲಿಲ್ಲ. ಒಮ್ಮೆ ರಾಜಾಶ್ರಯದಲ್ಲಿ ನಡೆದ ಕೆಲಸವನ್ನು ಇಪ್ಪತ್ತನೆಯ ಶತಮಾನದಲ್ಲಿ ಮೇಲುಕೋಟೆಯ ಸರ್ಕಾರಿ ನೌಕರರೊಬ್ಬರು 'ಗೋಕುಲ ನಿರ್ಗಮನ'ದಲ್ಲಿ ತಮ್ಮದೇ ರೀತಿಯಲ್ಲಿ ಮುಂದುವರಿಸಿದರು. ಬಿ.ವಿ. ಕಾರಂತರು ಅದನ್ನು ರಂಗಕ್ಕೆ ತಂದಾಗ ಬೆಟ್ಟದ ಬೀದಿಯ ನಾದ ಪಟ್ಟಣದ ಪ್ರೇಕ್ಷಕರಿಗೂ ತಲುಪಿತು.

ಇನ್ನು ಎರಡು ತಾಲ್ಲೂಕುಗಳು. ಪು.ತಿ.ನ. ಹುಟ್ಟಿದ ಹತ್ತು ವರ್ಷಗಳ ನಂತರ, 1915ರ ಜನವರಿ 26ರಂದು, ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದರು. ಹದಿನಾರು ದಿನ ಕಳೆದು, ಫೆಬ್ರವರಿ 11ರಂದು, ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಎಚ್.ಎಲ್. ನಾಗೇಗೌಡರು ಹುಟ್ಟಿದರು. ಇಬ್ಬರೂ ಸಂಗೀತ ವಿದ್ವಾಂಸರಲ್ಲ. ಆದರೂ ಇವರನ್ನು ಬಿಟ್ಟು ಕನ್ನಡದ ಹಾಡಿನ ಚರಿತ್ರೆಯನ್ನು ಬರೆಯಲಾಗದು. ನರಸಿಂಹಸ್ವಾಮಿಯವರ ವಿದ್ಯಾಭ್ಯಾಸ ಬಡತನದಿಂದ ನಡುವೆಯೇ ನಿಂತುಹೋಯಿತು. ಅವರ 'ಮೈಸೂರು ಮಲ್ಲಿಗೆ' 1942ರಲ್ಲಿ ಬಂದಾಗ, ಗಂಡಹೆಂಡಿರು ಮನೆಯಲ್ಲಿ ಆಡುವ ಮಾತೇ ಹಾಡಾಗಬಲ್ಲದೆಂದು ಕನ್ನಡಿಗರು ಕಂಡುಕೊಂಡರು. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಮುಂತಾದವರು ಆ ಗೀತೆಗಳಿಗೆ ಸ್ವರ ಹಾಕಿದರು. ಸುಗಮ ಸಂಗೀತ ಎಂದು ನಾವು ಕರೆಯುವ ಪ್ರಕಾರದ ಒಂದು ಬೇರು ಕಿಕ್ಕೇರಿಯಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ.

ನಾಗೇಗೌಡರ ಮಾರ್ಗವೇ ಬೇರೆ. ಅವರು ಸರ್ಕಾರದ ಉನ್ನತಾಧಿಕಾರಿಯಾದರು. ಆದರೆ ಬಾಲ್ಯದ ಹಳ್ಳಿಯ ಹಾಡನ್ನು ಬಿಡಲಿಲ್ಲ. ರಾಗಿ ಬೀಸುವಾಗ, ನಾಟಿ ಹಾಕುವಾಗ, ಮದುವೆಯ ಹಸೆಯ ಮುಂದೆ ಹೆಂಗಸರು ಹಾಡಿದ ಪದಗಳನ್ನು ಸಂಗ್ರಹಿಸಿದರು. ಅವರ ಒಂದು ಸಂಗ್ರಹದ ಹೆಸರು 'ಸೋಬಾನೆ ಚಿಕ್ಕಮ್ಮನ ಪದಗಳು'. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ರಾಮನಗರದ ಬಳಿ 'ಜಾನಪದ ಲೋಕ'ವನ್ನು ನಿಲ್ಲಿಸಿದರು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಕೆಲಸ ನಿಂತಾಗ ಆ ಕೆಲಸದ ಹಾಡೂ ನಿಲ್ಲುತ್ತದೆ. ಅದು ಪೂರ್ತಿ ಮೌನವಾಗುವ ಮೊದಲೇ ಧ್ವನಿಮುದ್ರಿಸಿ ಉಳಿಸಿದವರಲ್ಲಿ ನಾಗೇಗೌಡರು ಪ್ರಮುಖರು.

ಇಲ್ಲಿ ಒಂದು ಕಹಿಸತ್ಯವನ್ನೂ ಹೇಳಬೇಕು. ಮೇಲುಕೋಟೆಯ ಬೀದಿಯ ನಾದ ಎಲ್ಲರ ಕಿವಿಗೂ ಬಿದ್ದಿತು. ಆದರೆ ವೇದಪಾಠದ ಜಗುಲಿಯ ಮೇಲೆ ಕುಳಿತು ಕಲಿಯುವ ಅವಕಾಶ ಎಲ್ಲ ಮಕ್ಕಳಿಗೂ ಇರಲಿಲ್ಲ. ಹೆಣ್ಣುಮಕ್ಕಳಿಗೆ ಇರಲಿಲ್ಲ, ಊರಾಚೆಯ ಕೇರಿಯ ಮಕ್ಕಳಿಗೂ ಇರಲಿಲ್ಲ. ಸಾವಿರಾರು ಪದಗಳನ್ನು ಬಾಯಲ್ಲೇ ಉಳಿಸಿಕೊಂಡ ಹಳ್ಳಿಯ ತಾಯಂದಿರನ್ನು ಯಾರೂ ವಿದುಷಿ ಎಂದು ಕರೆಯಲಿಲ್ಲ. ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿಯ ಕಾವ್ಯ ಹಾಡುವ ನೀಲಗಾರರನ್ನು ಸಂಗೀತ ಸಭೆಗಳು ಬಹುಕಾಲ ಕರೆಯಲಿಲ್ಲ. ಆದ್ದರಿಂದಲೇ ಹಾಡುಗಾರ್ತಿಯೊಬ್ಬಳ ಹೆಸರು ಪುಸ್ತಕದ ಮುಖಪುಟವನ್ನು ಸೇರಿದ್ದು ಸಣ್ಣ ಸಂಗತಿಯಲ್ಲ. ಅದೊಂದು ನ್ಯಾಯ. ಕಲಿಸಿದವರ ಹೆಸರನ್ನು ಹೇಳುವುದು ಕಲಿತವರ ಮೊದಲ ಕರ್ತವ್ಯ.

ಹಾಗಾದರೆ ಕ್ರಮಬದ್ಧ ಶಿಕ್ಷಣ ಬೇಡವೇ? ಖಂಡಿತ ಬೇಕು. 'ಹಾಡುತ್ತಾ ಹಾಡುತ್ತಾ ರಾಗ' ಎಂಬ ಗಾದೆ ಸಾಧನೆಯ ಮಾತೇ ಹೊರತು ಸೋಮಾರಿತನದ ಸಮರ್ಥನೆಯಲ್ಲ. ಆದರೆ ಕಿವಿ ತೆರೆಯದ ಮಗುವಿಗೆ ಪಾಠ ಭಾರವಾಗುತ್ತದೆ. ವಾರಕ್ಕೆರಡು ತಾಸು ಸಂಗೀತದ ತರಗತಿಗೆ ಕಳುಹಿಸಿ, ಪರೀಕ್ಷೆಯ ಪ್ರಮಾಣಪತ್ರ ಬಂದರೆ ಸಾಕೆಂದು ನಾವು ತೃಪ್ತರಾಗುತ್ತೇವೆ. ಹತ್ತನೆಯ ತರಗತಿ ಬಂದೊಡನೆ ಅಂಕಗಳ ಭಯದಿಂದ ಆ ತರಗತಿಯನ್ನೂ ಬಿಡಿಸುತ್ತೇವೆ. ಮನೆಯಲ್ಲಿ ಒಟ್ಟಾಗಿ ಹಾಡುವ ರೂಢಿ ಇಲ್ಲ. ಪ್ರತಿಯೊಬ್ಬರ ಕಿವಿಯಲ್ಲೂ ಪ್ರತ್ಯೇಕ ಯಂತ್ರ, ಪ್ರತ್ಯೇಕ ಹಾಡು. ಅಜ್ಜಿಗೆ ಬರುವ ಪದ ಮೊಮ್ಮಗಳಿಗೆ ಕೇಳಿಸುವುದೇ ಇಲ್ಲ.

ಪು.ತಿ.ನ. 1998ರ ಅಕ್ಟೋಬರ್ 13ರಂದು ತೀರಿಕೊಂಡರು. ಮೇಲುಕೋಟೆಯಲ್ಲಿ ಅವರ ಮನೆಯನ್ನು ಸ್ಮಾರಕವಾಗಿ ಉಳಿಸಲಾಗಿದೆ. ಪ್ರವಾಸಕ್ಕೆಂದು ಶ್ರೀರಂಗಪಟ್ಟಣಕ್ಕೆ ಹೋಗುವ ಕುಟುಂಬಗಳು ಮಕ್ಕಳೊಂದಿಗೆ ಅಲ್ಲಿಗೂ ಹೋಗಬಹುದು. ಆದರೆ ಕಟ್ಟಡವನ್ನು ನೋಡಿ ಬರುವುದಷ್ಟೇ ಸಾಲದು. ಆ ಬೀದಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕೇಳಬೇಕು. ಮನೆಗೆ ಬಂದ ಮೇಲೆ ಹಿರಿಯರಲ್ಲಿ ಒಬ್ಬರನ್ನು ಕೂರಿಸಿಕೊಂಡು, ಅವರಿಗೆ ನೆನಪಿರುವ ಒಂದು ಹಾಡನ್ನು ಹಾಡಿಸಬೇಕು. ಅದನ್ನು ಬರೆದಿಟ್ಟು, ಕೆಳಗೆ ಅವರ ಹೆಸರನ್ನೂ ಬರೆಯಬೇಕು.