ಅಜ್ಜ-ಅಜ್ಜಿಯ ಅಗಲಿಕೆ ಮತ್ತು ಮಕ್ಕಳ ಶೋಕ

ಬಹುಪಾಲು ಮಕ್ಕಳು ಹತ್ತಿರದಿಂದ ಕಾಣುವ ಮೊದಲ ಸಾವು ಅಜ್ಜನದೋ ಅಜ್ಜಿಯದೋ ಆಗಿರುತ್ತದೆ. ಅಪ್ಪ-ಅಮ್ಮ ಕೆಲಸಕ್ಕೆ ಹೋದ ಮೇಲೆ ತುತ್ತು ಮಾಡಿ ತಿನ್ನಿಸಿದ, ಶಾಲೆಯ ವ್ಯಾನ್ ಹತ್ತಿಸಿದ, ಮಧ್ಯಾಹ್ನ ಪಕ್ಕದಲ್ಲಿ ಮಲಗಿಸಿಕೊಂಡು ಕಥೆ ಹೇಳಿದ ಜೀವವದು. ಅವರು ಹೋದಾಗ ಮಗುವಿನ ದಿನಚರಿಯೇ ಕದಡಿಹೋಗುತ್ತದೆ. ದೊಡ್ಡವರು ‘ವಯಸ್ಸಾಗಿತ್ತು, ನರಳದೆ ಹೋದರು, ಪುಣ್ಯವಂತರು’ ಎಂದು ಸಮಾಧಾನ ತಂದುಕೊಳ್ಳಬಲ್ಲರು. ಆರು ವರ್ಷದ ಮೊಮ್ಮಗಳಿಗೆ ಈ ಲೆಕ್ಕ ಹತ್ತುವುದಿಲ್ಲ. ಅಜ್ಜಿಗೆ ವಯಸ್ಸಾಗಿದ್ದುದು ಅವಳಿಗೆ ಎಂದೂ ಕೊರತೆಯಾಗಿ ಕಂಡಿರಲಿಲ್ಲ.

ಸಾವಿನ ತಿಳಿವಳಿಕೆ

ಮಕ್ಕಳು ಸಾವನ್ನು ಹೇಗೆ ಗ್ರಹಿಸುತ್ತಾರೆ ಎಂಬುದರ ಬಗ್ಗೆ ಹಂಗೇರಿಯ ಮನಶ್ಶಾಸ್ತ್ರಜ್ಞೆ ಮರಿಯಾ ನಾಗಿ 1948ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಬುಡಾಪೆಸ್ಟ್ ಸುತ್ತಲಿನ 3ರಿಂದ 10 ವರ್ಷದ ಮಕ್ಕಳನ್ನು ಮಾತನಾಡಿಸಿದ ಆಕೆ, ಐದರ ಒಳಗಿನವರು ಸಾವನ್ನು ದೂರದ ಪ್ರಯಾಣದಂತೆಯೋ ನಿದ್ದೆಯಂತೆಯೋ ಕಾಣುತ್ತಾರೆ ಎಂದರು. ನಂತರದ ಸಂಶೋಧಕರು ಈ ತಿಳಿವಳಿಕೆಯನ್ನು ಮೂರು ಎಳೆಗಳಾಗಿ ಬಿಡಿಸಿದರು: ಸತ್ತವರು ಮರಳಿ ಬರುವುದಿಲ್ಲ, ಅವರ ದೇಹಕ್ಕೆ ಹಸಿವು, ನೋವು, ಉಸಿರು ಯಾವುದೂ ಇರುವುದಿಲ್ಲ, ಸಾವು ಎಲ್ಲರಿಗೂ ಬರುತ್ತದೆ. ಹೆಚ್ಚಿನ ಮಕ್ಕಳಿಗೆ 5ರಿಂದ 7 ವರ್ಷದ ನಡುವೆ ಇವು ಮನದಟ್ಟಾಗುತ್ತವೆ ಎಂದು ಸ್ಪೀಸ್ ಮತ್ತು ಬ್ರೆಂಟ್ 1984ರ ತಮ್ಮ ಸಮೀಕ್ಷೆಯಲ್ಲಿ ತೋರಿಸಿದರು. ಹೊಲ, ಕೊಟ್ಟಿಗೆ, ಕೋಳಿಗೂಡು ನೋಡಿ ಬೆಳೆದ ಮಗುವಿಗೆ ಇದು ಇನ್ನೂ ಬೇಗ ತಿಳಿದಿರಬಹುದು.

ಎಳೆಯರಿಗೆ ಶೋಕವೇ ಇರುವುದಿಲ್ಲ ಎಂಬ ನಂಬಿಕೆಯನ್ನು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ 1960ರಲ್ಲೇ ಪ್ರಶ್ನಿಸಿದ್ದರು. ನೆಚ್ಚಿಕೊಂಡವರಿಂದ ಅಗಲಿದ ಕೂಸೂ ಶೋಕಿಸುತ್ತದೆ, ಅದನ್ನು ಹೇಳಿಕೊಳ್ಳಲು ಮಾತು ಮಾತ್ರ ಇರುವುದಿಲ್ಲ ಎಂಬುದು ಅವರ ವಾದದ ತಿರುಳು.

ಶೋಕದ ರೀತಿ

ಮಕ್ಕಳ ದುಃಖ ಒಂದೇ ಸಮನೆ ಹರಿಯುವುದಿಲ್ಲ. ಬಿಕ್ಕಿಬಿಕ್ಕಿ ಅತ್ತ ಹುಡುಗ ಕಾಲು ಗಂಟೆಯಲ್ಲಿ ಬೀದಿಯಲ್ಲಿ ಕ್ರಿಕೆಟ್ ಆಡುತ್ತಿರುತ್ತಾನೆ, ರಾತ್ರಿ ಮತ್ತೆ ಅಜ್ಜನ ಕೋಲು ಹಿಡಿದು ಕೂರುತ್ತಾನೆ. ಇದನ್ನು ಕಂಡು ‘ಮಗುವಿಗೇನೂ ಗೊತ್ತಾಗಿಲ್ಲ’ ಎನ್ನುವುದು ದೊಡ್ಡ ತಪ್ಪು. ಹೊಟ್ಟೆನೋವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸುವುದು, ಸಿಡುಕು, ಅಮ್ಮನ ಸೆರಗು ಬಿಡದಿರುವುದು ಎಲ್ಲವೂ ಶೋಕದ ರೂಪಗಳೇ. ಕೆಲವು ಮಕ್ಕಳ ಮನಸ್ಸಿನಲ್ಲಿ ತಪ್ಪಿತಸ್ಥ ಭಾವ ಕೂತಿರುತ್ತದೆ. ಮಾತ್ರೆ ಡಬ್ಬಿ ತಂದುಕೊಡಲು ತಡ ಮಾಡಿದೆ, ಅಜ್ಜಿಯ ಜೊತೆ ಜಗಳವಾಡಿದೆ, ಅದಕ್ಕೇ ಹೀಗಾಯಿತು ಎಂದು ಮಗು ಯಾರಿಗೂ ಹೇಳದೆ ನಂಬಿರುತ್ತದೆ. ಅದು ಕೇಳುವವರೆಗೆ ಕಾಯದೆ, ‘ನಿನ್ನಿಂದ ಏನೂ ಆಗಲಿಲ್ಲ ಕಂದ’ ಎಂದು ದೊಡ್ಡವರೇ ಹೇಳಿಬಿಡುವುದು ಒಳ್ಳೆಯದು.

ತಿಳಿಸುವ ಬಗೆ

ಅಜ್ಜ ಊರಿಗೆ ಹೋಗಿದ್ದಾರೆ, ಮಲಗಿದ್ದಾರೆ, ದೇವರು ಕರೆದುಕೊಂಡ ಎಂಬ ಮಾತುಗಳು ದೊಡ್ಡವರ ಬಾಯಲ್ಲಿ ಕರುಣೆಯಿಂದ ಬರುತ್ತವೆ. ಮಗು ಅವನ್ನು ಇದ್ದ ಹಾಗೇ ನಂಬುತ್ತದೆ. ಊರಿಗೆ ಹೋದವರಿಗಾಗಿ ಬಾಗಿಲಲ್ಲಿ ಕಾಯುತ್ತದೆ, ಮಲಗಲು ಹೆದರುತ್ತದೆ, ಕರೆದುಕೊಂಡ ದೇವರ ಮೇಲೆ ಮುನಿಯುತ್ತದೆ. ‘ಅಜ್ಜ ಸತ್ತುಹೋದರು. ಅವರ ಹೃದಯ ನಿಂತುಹೋಯಿತು, ಡಾಕ್ಟರ್ ಕೈಯಲ್ಲೂ ಸರಿಮಾಡಲು ಆಗಲಿಲ್ಲ. ಅವರು ಮತ್ತೆ ಬರುವುದಿಲ್ಲ’ ಎಂಬಷ್ಟು ನೇರ ಮಾತು ಮೊದಲು ಬರಬೇಕು. ಸ್ವರ್ಗ, ಕೈಲಾಸ, ಜನ್ನತ್ ಎಂಬ ಆಯಾ ಮನೆಯ ನಂಬಿಕೆ ಅದರ ಮೇಲೆ ಬಂದರೆ ಮಗುವಿಗೆ ಆಸರೆಯಾಗುತ್ತದೆ.

ಸಾವನ್ನು ಹೀಗೆ ನೇರವಾಗಿ ತಿಳಿಸಿದ್ದಕ್ಕೆ ಪ್ರಸಿದ್ಧ ನಿದರ್ಶನ ಅಮೆರಿಕದ ‘ಸೆಸಮೀ ಸ್ಟ್ರೀಟ್’ ಎಂಬ ಮಕ್ಕಳ ಟಿವಿ ಕಾರ್ಯಕ್ರಮದ್ದು. ಅದರಲ್ಲಿ ವೃದ್ಧ ಅಂಗಡಿಕಾರ ಹೂಪರ್‌ನ ಪಾತ್ರ ಮಾಡುತ್ತಿದ್ದ ನಟ ವಿಲ್ ಲೀ 1982ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಬೇರೆ ನಟನನ್ನು ತರದೆ, ಪಾತ್ರವೂ ಸತ್ತಿತೆಂದೇ ತೋರಿಸಲು ನಿರ್ಮಾಪಕರು ನಿರ್ಧರಿಸಿದರು. 1983ರ ನವೆಂಬರ್ 24ರಂದು ಪ್ರಸಾರವಾದ ಆ ಕಂತಿನಲ್ಲಿ ಬಿಗ್ ಬರ್ಡ್ ಎಂಬ ಹಳದಿ ಹಕ್ಕಿ ಎಲ್ಲರ ಚಿತ್ರ ಬಿಡಿಸಿ ತಂದು, ಹೂಪರ್‌ಗೂ ಒಂದು ಕೊಡಬೇಕೆಂದು ಹುಡುಕುತ್ತದೆ. ಅವನು ಸತ್ತನೆಂದೂ ಇನ್ನು ಬರುವುದಿಲ್ಲವೆಂದೂ ಸುತ್ತಲಿನ ದೊಡ್ಡವರು ಮರೆಮಾಚದೆ ಹೇಳುತ್ತಾರೆ, ಹೇಳುವಾಗ ಅವರ ಕಣ್ಣೂ ತುಂಬುತ್ತದೆ. ಅಳುವನ್ನು ಮಕ್ಕಳಿಂದ ಬಚ್ಚಿಡುವ ನಮ್ಮ ಮನೆಗಳಿಗೂ ಇದರಲ್ಲಿ ಕಲಿಯುವುದಿದೆ.

ನೆನಪಿನ ಜಾಗ

ಸತ್ತವರ ಮೇಲಿನ ಮಮತೆಯನ್ನು ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದು ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಬರೆದ ಮೇಲೆ ಪಶ್ಚಿಮದಲ್ಲಿ ಬಹುಕಾಲ ಅದೇ ಮಾತು ನಡೆಯಿತು. ತಂದೆ ಅಥವಾ ತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಸಂಶೋಧಕರಾದ ಫಿಲಿಸ್ ಸಿಲ್ವರ್‌ಮನ್ ಮತ್ತು ವಿಲಿಯಂ ವರ್ಡನ್ ಬಾಸ್ಟನ್ ಪ್ರದೇಶದಲ್ಲಿ ಅಧ್ಯಯನ ಮಾಡಿದಾಗ ಬೇರೆಯದೇ ಕಂಡಿತು. ಮಕ್ಕಳು ಅಗಲಿದವರ ಜೊತೆ ಮನಸ್ಸಿನಲ್ಲೇ ಮಾತಾಡುತ್ತಿದ್ದರು, ಅವರ ವಸ್ತುವೊಂದನ್ನು ಹತ್ತಿರ ಇಟ್ಟುಕೊಂಡಿದ್ದರು. ನಂಟು ಕಡಿಯಬೇಕಿಲ್ಲ, ಅದು ರೂಪ ಬದಲಿಸಿ ಉಳಿಯಬಹುದು ಎಂಬ ಸಿದ್ಧಾಂತ 1996ರಲ್ಲಿ ಸಿಲ್ವರ್‌ಮನ್ ಮತ್ತಿತರರು ಸಂಪಾದಿಸಿದ ಗ್ರಂಥದಿಂದ ನೆಲೆಯೂರಿತು.

ಕರ್ನಾಟಕದ ಮನೆಗಳಲ್ಲಿ ಈ ನಂಟಿಗೆ ಆಚರಣೆಯ ರೂಪ ಹಿಂದಿನಿಂದಲೂ ಇದೆ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಹಳೇ ಮೈಸೂರು ಸೀಮೆಯಲ್ಲಿ ಹಿರಿಯರ ಹಬ್ಬ ಬರುತ್ತದೆ. ಕಳಶದ ಪಕ್ಕ ತೀರಿಕೊಂಡವರ ಫೋಟೊ, ಹೊಸ ಪಂಚೆ ಅಥವಾ ಸೀರೆ, ಮುಂದೆ ಬಾಳೆಯೆಲೆಯಲ್ಲಿ ವಡೆ, ಕಜ್ಜಾಯ, ಪಾಯಸ, ಜೊತೆಗೆ ಅವರವರಿಗೆ ಇಷ್ಟವಾಗಿದ್ದ ಪದಾರ್ಥ: ಒಬ್ಬರಿಗೆ ಎಲೆಅಡಿಕೆ, ಇನ್ನೊಬ್ಬರಿಗೆ ಬೀಡಿ, ಮತ್ತೊಬ್ಬರಿಗೆ ಕೋಳಿಸಾರು. ಧೂಪ ಹಾಕಿ ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಕೂರುತ್ತಾರೆ, ಹಿರಿಯರು ಬಂದು ಉಂಡುಹೋಗಲಿ ಎಂದು. ಎಡೆಗೆ ಏನೇನು ಬೇಕೆಂದು ಮಕ್ಕಳನ್ನು ಕೇಳುವ ಮನೆಯಲ್ಲಿ ನೆನಪು ತಾನಾಗಿ ಹೊರಬರುತ್ತದೆ. ಅಜ್ಜ ಜೇಬಿನಲ್ಲಿ ಹುರಿಗಡಲೆ ಇಟ್ಟುಕೊಂಡಿರುತ್ತಿದ್ದರು ಎಂಬುದು ಮೊಮ್ಮಗನಿಗಷ್ಟೇ ಗೊತ್ತಿರಬಹುದು. ಹೊರಗೆ ಕೂರುವ ಆ ಹೊತ್ತು ಕಥೆ ಹೇಳಲು ಹೇಳಿ ಮಾಡಿಸಿದಂತಿದೆ. ಕ್ರೈಸ್ತರು ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಗತಿಸಿದವರಿಗೆ ಬಡಿಸುವ ರೂಢಿಯಿದೆ.

ಸಾವಿನ ದಿನದ ಮಾತು ಬೇರೆ. ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿ, ಮಣ್ಣಾದ ಮೇಲೆ ಕರೆತರುವ ವಾಡಿಕೆ ಅನೇಕ ಕಡೆ ಇದೆ. ಅದರ ಬದಲು, ಅಂತ್ಯಕ್ರಿಯೆಯಲ್ಲಿ ಏನು ಕಾಣುತ್ತದೆ, ಯಾರು ಅಳುತ್ತಾರೆ ಎಂದು ಮೊದಲೇ ವಿವರಿಸಿ, ಬರುವ ಆಯ್ಕೆಯನ್ನು ಮಗುವಿಗೇ ಬಿಡುವುದು, ಬಂದರೆ ಕೈಹಿಡಿದು ಜೊತೆಗಿರಲು ಒಬ್ಬರನ್ನು ಗೊತ್ತುಮಾಡುವುದು ತಜ್ಞರ ಸಲಹೆ. ಶವದ ಮೆರವಣಿಗೆಗೆ ಬರಲಾರದ ಮಗು ಮುಂದೆ ಸಮಾಧಿಗೆ ಹಾಲುತುಪ್ಪ ಬಿಡುವಾಗ ಜೊತೆಗೂಡಬಹುದು.

ನೆನಪನ್ನು ಉಳಿಸುವ ವಸ್ತುಗಳಲ್ಲಿ ಉತ್ತರ ಕರ್ನಾಟಕದ ಕೌದಿಗೆ ಸಾಟಿಯಿಲ್ಲ. ಅಜ್ಜಿಯ ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಒಳಮುಖವಾಗಿ ಸಾಲುಹೊಲಿಗೆ ಹಾಕುತ್ತಾ ಬರುತ್ತಾರೆ. ಯಾವ ತುಂಡು ಯಾವ ಜಾತ್ರೆಗೆ ಉಟ್ಟ ಸೀರೆಯದೆಂದು ಹೊಲಿಯುವ ಅತ್ತೆ ಹೇಳುತ್ತಿದ್ದರೆ, ಹೊದೆಯುವ ಮಗುವಿಗೆ ಅಜ್ಜಿಯ ಚರಿತ್ರೆಯೇ ಸಿಕ್ಕಂತೆ. ಫೋನಿನಲ್ಲಿ ಉಳಿದಿರುವ ವಾಟ್ಸ್‌ಆ್ಯಪ್ ಧ್ವನಿಸಂದೇಶಗಳನ್ನು ಬೇರೆ ಕಡೆಯೂ ಉಳಿಸಿಡಬೇಕು. ಫೋನ್ ಬದಲಾದಾಗ ಕಳೆದುಹೋಗುವ ಮೊದಲ ಆಸ್ತಿಯೇ ಅದು.

ದೂರದಲ್ಲಿದ್ದವರು

ವಿದೇಶದಲ್ಲಿ ಬೆಳೆಯುವ ಕನ್ನಡದ ಮಕ್ಕಳು ಅಜ್ಜಿಯ ಅಂತ್ಯಕ್ರಿಯೆಯನ್ನು ವಿಡಿಯೊ ಕರೆಯಲ್ಲಷ್ಟೇ ನೋಡಿರುವುದುಂಟು. ಕೋವಿಡ್ ಕಾಲದಲ್ಲಿ ಅದೇ ಊರಿನಲ್ಲಿದ್ದವರಿಗೂ ಮುಖದರ್ಶನ ಸಿಗಲಿಲ್ಲ. ಆ ಸೋಂಕಿನ ಮೊದಲ 14 ತಿಂಗಳಲ್ಲಿ ಜಗತ್ತಿನ 15 ಲಕ್ಷಕ್ಕೂ ಹೆಚ್ಚು ಮಕ್ಕಳು ತಂದೆ-ತಾಯಿಯನ್ನೋ ಜೊತೆಗಿದ್ದು ಸಲಹುತ್ತಿದ್ದ ಅಜ್ಜ-ಅಜ್ಜಿಯನ್ನೋ ಕಳೆದುಕೊಂಡರೆಂದು 2021ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಅಧ್ಯಯನವೊಂದು ಅಂದಾಜಿಸಿತು. ದೂರದಲ್ಲಿದ್ದ ಮಕ್ಕಳಿಗೆ ರಜೆಯಲ್ಲಿ ಊರಿಗೆ ಬಂದಾಗ ಆ ಮನೆ, ಆ ಹಿತ್ತಿಲು, ಸಮಾಧಿ ತೋರಿಸುವುದು ಎಷ್ಟು ತಡವಾದರೂ ಆಗಬೇಕಾದ ಕೆಲಸ.

ನೆರವು

ಸಾಮಾನ್ಯವಾಗಿ ಮಗುವಿನ ದುಃಖಕ್ಕೆ ಚಿಕಿತ್ಸೆ ಬೇಕಾಗುವುದಿಲ್ಲ. ಹೊತ್ತಿಗೆ ಊಟ, ಶಾಲೆ, ಕೇಳುವ ಕಿವಿ ಸಾಕಾಗುತ್ತವೆ. ತರಗತಿಯ ಶಿಕ್ಷಕರಿಗೆ ವಿಷಯ ತಿಳಿಸಿರಬೇಕು. ತೀವ್ರ ಹಂಬಲ, ಊಟ-ನಿದ್ದೆ ಬಿಡುವುದು, ಗೆಳೆಯರಿಂದ ದೂರವಾಗುವುದು ಆರು ತಿಂಗಳು ದಾಟಿದರೂ ಇಳಿಯದಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. ‘ಅಜ್ಜಿಯ ಹತ್ತಿರ ನಾನೂ ಹೋಗುತ್ತೇನೆ’ ಎಂಬ ಮಾತು ಬಂದರೆ ಅಷ್ಟು ದಿನ ಕಾಯದೆ ಆಗಲೇ ಕೂರಿಸಿಕೊಂಡು ವಿಚಾರಿಸಬೇಕು. ಭಾರತದಲ್ಲಿ ಮಕ್ಕಳ ಸಹಾಯವಾಣಿ (1098) ಮತ್ತು 2022ರಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಉಚಿತ ಕರೆಗಳಿಗೆ ಲಭ್ಯವಿವೆ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.