ಮುಳುಗಿದ ಹಡಗುಗಳ ಸ್ಮರಣವಸ್ತುಗಳು: ‘ಟೈಟಾನಿಕ್’ನಿಂದ ‘ಗೇರುಸೊಪ್ಪ’ದವರೆಗೆ

ಸಮುದ್ರದಲ್ಲಿ ದುರಂತಕ್ಕೀಡಾದ ಪ್ರಸಿದ್ಧ ಹಡಗುಗಳಿಗೆ ಸಂಬಂಧಿಸಿದ ವಸ್ತುಗಳನ್ನು ಸಂಗ್ರಹಿಸುವುದು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಬೆಳೆದುಬಂದಿರುವ ಹವ್ಯಾಸ. ಪ್ರಯಾಣಿಕರು ಬರೆದ ಪತ್ರ, ಜೇಬುಗಡಿಯಾರ, ಊಟದ ಪಟ್ಟಿ, ಪಿಂಗಾಣಿ ತಟ್ಟೆ, ಕೊನೆಗೆ ಕಲ್ಲಿದ್ದಲಿನ ಚೂರಿಗೂ ಇಲ್ಲಿ ಬೆಲೆಯುಂಟು. ಈ ಹವ್ಯಾಸದ ಕೇಂದ್ರದಲ್ಲಿರುವುದು 1912ರ ಏಪ್ರಿಲ್ 15ರಂದು ಉತ್ತರ ಅಟ್ಲಾಂಟಿಕ್‌ನಲ್ಲಿ ಸುಮಾರು 1,500 ಜನರೊಂದಿಗೆ ಮುಳುಗಿದ ‘ಟೈಟಾನಿಕ್’. ಆದರೆ ಕನ್ನಡ ನಾಡಿನ ಒಂದು ಊರಿನ ಹೆಸರು ಹೊತ್ತ ಹಡಗೂ ಈ ಸಂಗ್ರಾಹಕರ ಲೋಕವನ್ನು ಪ್ರವೇಶಿಸಿದೆ ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ.

ಟೈಟಾನಿಕ್ ವಸ್ತುಗಳಲ್ಲಿ ಎರಡು ಬಗೆ. ಬದುಕುಳಿದವರ ಬಳಿ ಉಳಿದ ಅಥವಾ ನೀರಿನಿಂದ ಎತ್ತಿದ ಶವಗಳೊಂದಿಗೆ ದೊರೆತ ವಸ್ತುಗಳು ಮೊದಲನೆಯವು. ಕುಟುಂಬಗಳ ಕೈಸೇರಿದ ಇವು ಹರಾಜಿಗೆ ಬರುತ್ತವೆ. ಸುಮಾರು 3,800 ಮೀಟರ್ ಆಳದ ಅವಶೇಷದಿಂದ 1987ರ ನಂತರ ಮೇಲೆತ್ತಿದವು ಎರಡನೆಯವು. ಈ ಸಾವಿರಾರು ವಸ್ತುಗಳನ್ನು ಬಿಡಿಬಿಡಿಯಾಗಿ ಮಾರದೆ ಒಂದೇ ಸಂಗ್ರಹವಾಗಿ ಉಳಿಸಿಕೊಳ್ಳಬೇಕೆಂಬುದು ಅಮೆರಿಕದ ನ್ಯಾಯಾಲಯದ ನಿಲುವು. ಕಲ್ಲಿದ್ದಲಿಗೆ ಮಾತ್ರ ವಿನಾಯಿತಿ ದೊರೆತಿದ್ದರಿಂದ ಅದರ ಚೂರುಗಳು ಸಾಮಾನ್ಯ ಹವ್ಯಾಸಿಗಳ ಕೈಗೂ ಬಂದಿವೆ.

ಬೆಲೆಗಳು ಏರುತ್ತಲೇ ಇವೆ. ಹಡಗಿನ ವಾದ್ಯವೃಂದದ ನಾಯಕ ವಾಲೇಸ್ ಹಾರ್ಟ್‌ಲಿಯ ಪಿಟೀಲು 2013ರಲ್ಲಿ ಇಂಗ್ಲೆಂಡಿನ ಡಿವೈಜಸ್ ಪಟ್ಟಣದ ಹರಾಜಿನಲ್ಲಿ 9 ಲಕ್ಷ ಪೌಂಡ್ ಕೂಗಿಗೆ ಮಾರಾಟವಾಯಿತು. ಕೋಟ್ಯಧಿಪತಿ ಜಾನ್ ಜೇಕಬ್ ಆಸ್ಟರ್‌ನ ಚಿನ್ನದ ಗಡಿಯಾರಕ್ಕೆ 2024ರ ಏಪ್ರಿಲ್‌ನಲ್ಲಿ ಸುಮಾರು 12 ಲಕ್ಷ ಪೌಂಡ್ ಬಂದಿತು. ಬದುಕುಳಿದ 700ಕ್ಕೂ ಹೆಚ್ಚು ಜನರನ್ನು ರಕ್ಷಿಸಿದ ‘ಕಾರ್ಪೇಥಿಯಾ’ ಹಡಗಿನ ಕಪ್ತಾನನಿಗೆ ಕೃತಜ್ಞತೆಯಿಂದ ನೀಡಿದ್ದ ಗಡಿಯಾರ ಅದೇ ವರ್ಷದ ನವೆಂಬರ್‌ನಲ್ಲಿ 15 ಲಕ್ಷ ಪೌಂಡ್ ದಾಟಿತು. ವಿಚಿತ್ರವೆಂದರೆ, 1997ರ ಚಲನಚಿತ್ರದಲ್ಲಿ ನಾಯಕಿಯ ಜೀವ ಉಳಿಸಿದ ಮರದ ಹಲಗೆಯೂ 2024ರಲ್ಲಿ 7 ಲಕ್ಷ ಡಾಲರಿಗೆ ಹೆಚ್ಚಿನ ಬೆಲೆ ಪಡೆಯಿತು. ಅದು ಟೈಟಾನಿಕ್‌ನದೂ ಅಲ್ಲ, ಸಮುದ್ರ ಕಂಡದ್ದೂ ಅಲ್ಲ!

ವಸ್ತುವಿಗಿಂತ ಅದರ ಪೂರ್ವಚರಿತ್ರೆಗೇ ಇಲ್ಲಿ ಹೆಚ್ಚು ಬೆಲೆ. ಅದು ಯಾರ ಕೈಯಿಂದ ಯಾರ ಕೈಗೆ ಬಂದಿತು ಎಂಬುದಕ್ಕೆ ಕಾಗದಪತ್ರಗಳಿರಬೇಕು. ಹಾರ್ಟ್‌ಲಿಯ ಪಿಟೀಲು 2006ರಲ್ಲಿ ಬೆಳಕಿಗೆ ಬಂದರೂ, ಅದು ನಿಜವಾಗಿ ಅವನದೇ ಎಂದು ಖಚಿತಪಡಿಸಲು ಹಲವು ವರ್ಷಗಳ ಪರೀಕ್ಷೆ ಬೇಕಾಯಿತು. ಅವನ ಭಾವೀ ಪತ್ನಿ ಅದಕ್ಕೆ ಜೋಡಿಸಿದ್ದ ಬೆಳ್ಳಿಯ ಫಲಕ ಮುಖ್ಯ ಸಾಕ್ಷ್ಯವಾಯಿತು. ರಾಯಬಾಗ ತಾಲೂಕಿನ ಅಲಖನೂರಿನಂತಹ, ಸಮುದ್ರದಿಂದ ದೂರದ ಊರಿನಲ್ಲಿ ಕುಳಿತೂ ಅಂತರ್ಜಾಲದ ಹರಾಜಿನಲ್ಲಿ ಪಾಲ್ಗೊಳ್ಳಬಹುದಾದ ಇಂದಿನ ದಿನಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. ‘ವೈಟ್ ಸ್ಟಾರ್ ಲೈನ್’ ಕಂಪನಿಯ ಗುರುತುಳ್ಳ ತಟ್ಟೆ, ಚಮಚಗಳೆಲ್ಲ ಟೈಟಾನಿಕ್‌ನವಲ್ಲ. ಅದೇ ಕಂಪನಿಯ ಇತರ ಹಡಗುಗಳಲ್ಲೂ ಅಂಥವೇ ಸಾಮಗ್ರಿಗಳು ಬಳಕೆಯಲ್ಲಿದ್ದವು. ಟೈಟಾನಿಕ್‌ನ ಸೋದರ ಹಡಗಾದ ‘ಒಲಿಂಪಿಕ್’ 1935ರವರೆಗೂ ಸಂಚರಿಸಿತು. ಅದರ ಪೀಠೋಪಕರಣಗಳನ್ನು ಬಹಿರಂಗವಾಗಿಯೇ ಹರಾಜು ಹಾಕಲಾಯಿತು. ದುರಂತದ ನಂತರ ಅಚ್ಚಾದ ಅಂಚೆಕಾರ್ಡುಗಳು ಮತ್ತು ಅಂದಿನ ಪತ್ರಿಕೆಗಳೇ ಹೊಸ ಸಂಗ್ರಾಹಕರಿಗೆ ಎಟುಕುವ ಸಾಮಗ್ರಿ.

ಗೇರುಸೊಪ್ಪೆಯ ಹೆಸರಿನ ಹಡಗು

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕಿನಲ್ಲಿ, ಶರಾವತಿಯ ದಡದಲ್ಲಿರುವ ಗೇರುಸೊಪ್ಪೆ ಒಂದು ಕಾಲದಲ್ಲಿ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ರಾಜಧಾನಿಯಾಗಿತ್ತು. ಜೋಗ ಜಲಪಾತವನ್ನು ಬ್ರಿಟಿಷರು ಕರೆಯುತ್ತಿದ್ದುದೂ ಗೇರುಸೊಪ್ಪೆಯ ಹೆಸರಿನಿಂದಲೇ. ‘ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್’ ಕಂಪನಿ 1919ರಲ್ಲಿ ಇಂಗ್ಲೆಂಡಿನ ಜಾರೋದಲ್ಲಿ ನಿರ್ಮಾಣವಾದ ತನ್ನ ಸರಕುಹಡಗಿಗೆ ಈ ಹೆಸರನ್ನಿಟ್ಟಿತು. ಟೈಟಾನಿಕ್‌ನಂತೆ ಅದು ವೈಭವದ ಪ್ರಯಾಣಿಕ ಹಡಗಾಗಿರಲಿಲ್ಲ.

1940ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಿಂದ ಬೆಳ್ಳಿಗಟ್ಟಿ, ಚಹಾ, ಬೀಡುಕಬ್ಬಿಣ ಹಾಗೂ ಅಂಚೆಚೀಲಗಳನ್ನು ತುಂಬಿಕೊಂಡು ಹೊರಟ ‘ಗೇರುಸೊಪ್ಪ’, ಪಶ್ಚಿಮ ಆಫ್ರಿಕದ ಫ್ರೀಟೌನ್‌ನಲ್ಲಿ ಇತರ ಹಡಗುಗಳ ಬೆಂಗಾವಲು ಗುಂಪನ್ನು ಸೇರಿಕೊಂಡಿತು. ಬಿರುಗಾಳಿಗೆ ಸಿಕ್ಕಿ ಕಲ್ಲಿದ್ದಲು ಸಾಲದಾದಾಗ ಗುಂಪನ್ನು ತೊರೆದು ಐರ್ಲೆಂಡಿನ ಗಾಲ್ವೆ ಬಂದರಿನತ್ತ ಒಂಟಿಯಾಗಿ ತಿರುಗಿತು. 1941ರ ಫೆಬ್ರುವರಿ 16ರ ರಾತ್ರಿ ಜರ್ಮನಿಯ ‘ಯು–101’ ಜಲಾಂತರ್ಗಾಮಿ ಅದನ್ನು ಟಾರ್ಪೆಡೊದಿಂದ ಹೊಡೆದುರುಳಿಸಿತು. ಹಡಗಿನಲ್ಲಿದ್ದ ಎಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ‘ಲಸ್ಕರ್’ ಎಂದು ಕರೆಯಲಾಗುತ್ತಿದ್ದ ಭಾರತೀಯ ನಾವಿಕರು. ಒಂದು ದೋಣಿ ಮಾತ್ರ 13 ದಿನಗಳ ನಂತರ ಇಂಗ್ಲೆಂಡಿನ ಕಾರ್ನ್‌ವಾಲ್ ತೀರ ಮುಟ್ಟಿತು. ಅಷ್ಟರಲ್ಲಿ ಅದರಲ್ಲಿದ್ದವರಲ್ಲಿ ಬಹುತೇಕರು ಚಳಿ, ಬಾಯಾರಿಕೆಗಳಿಂದ ಸತ್ತಿದ್ದರು. ದಡದ ಅಲೆಗಳಲ್ಲಿ ದೋಣಿ ಮಗುಚಿ, ಎರಡನೇ ಅಧಿಕಾರಿ ರಿಚರ್ಡ್ ಏರ್ಸ್ ಒಬ್ಬನೇ ಉಳಿದುಕೊಂಡ.

ಟೈಟಾನಿಕ್‌ಗಿಂತಲೂ ಆಳದಲ್ಲಿ, 4,700 ಮೀಟರ್ ಕೆಳಗೆ ಮಲಗಿದ್ದ ಈ ಹಡಗನ್ನು ಬ್ರಿಟಿಷ್ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿದ್ದ ಅಮೆರಿಕದ ‘ಒಡಿಸ್ಸಿ ಮರೈನ್ ಎಕ್ಸ್‌ಪ್ಲೊರೇಷನ್’ ಸಂಸ್ಥೆ 2011ರಲ್ಲಿ ಪತ್ತೆ ಮಾಡಿತು. 2012 ಮತ್ತು 2013ರಲ್ಲಿ ಒಟ್ಟು 2,792 ಬೆಳ್ಳಿಗಟ್ಟಿಗಳನ್ನು, ಅಂದರೆ ಸುಮಾರು 110 ಟನ್ ಬೆಳ್ಳಿಯನ್ನು ಮೇಲೆತ್ತಲಾಯಿತು. ಖರ್ಚು ಕಳೆದ ಮೊತ್ತದಲ್ಲಿ ಶೇ 80ರಷ್ಟು ಸಂಸ್ಥೆಗೆ, ಉಳಿದದ್ದು ಬ್ರಿಟಿಷ್ ಖಜಾನೆಗೆ. ಭಾರತದಿಂದ ಹೊರಟ ಬೆಳ್ಳಿಯ ಈ ಹಂಚಿಕೆಯಲ್ಲಿ ಭಾರತಕ್ಕೆ ಪಾಲಿರಲಿಲ್ಲ. ಬ್ರಿಟನ್ನಿನ ರಾಯಲ್ ಮಿಂಟ್ ಈ ಬೆಳ್ಳಿಯ ಒಂದು ಭಾಗದಿಂದ ಕಾಲು ಔನ್ಸ್ ತೂಕದ ‘ಬ್ರಿಟಾನಿಯಾ’ ನಾಣ್ಯಗಳನ್ನು ಟಂಕಿಸಿ ಸಂಗ್ರಾಹಕರಿಗೆ ಮಾರಿತು. ನಾಣ್ಯದ ಅಂಚಿನಲ್ಲಿ ಹಡಗಿನ ಹೆಸರಿದೆ. ಕನ್ನಡ ನಾಡಿನ ಊರೊಂದರ ಹೆಸರು ಬ್ರಿಟನ್ನಿನ ನಾಣ್ಯದ ಮೇಲೆ ಅಚ್ಚಾದದ್ದು ಹೀಗೆ.

ಮಾರಾಟವಾಗದ ಪತ್ರಗಳು

ಬೆಳ್ಳಿಗಿಂತ ಅಪರೂಪದ್ದು ಅಂಚೆಚೀಲಗಳಲ್ಲಿತ್ತು. ಬೆಳಕು, ಆಮ್ಲಜನಕ ತಾಗದ ಜಾಗದಲ್ಲಿ ಹುದುಗಿದ್ದರಿಂದ 700ಕ್ಕೂ ಹೆಚ್ಚು ಪತ್ರಗಳು ಏಳು ದಶಕಗಳ ನಂತರವೂ ಓದುವ ಸ್ಥಿತಿಯಲ್ಲಿದ್ದವು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು, ಚಹಾತೋಟದವರು, ಮಿಷನರಿಗಳು ತಮ್ಮ ಊರುಗಳಿಗೆ ಬರೆದವು ಅವು. ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯ 2018ರಲ್ಲಿ ಅವುಗಳ ಪ್ರದರ್ಶನ ಏರ್ಪಡಿಸಿತು. ತನ್ನ ಮದುವೆ ಪ್ರಸ್ತಾಪಕ್ಕೆ ಒಪ್ಪಿಗೆ ಸೂಚಿಸಿದ್ದ ಯುವತಿಗೆ ಸೈನಿಕನೊಬ್ಬ ಹರ್ಷದಿಂದ ಬರೆದ ಉತ್ತರವೂ ಅವುಗಳಲ್ಲಿತ್ತು. ಆ ಉತ್ತರ ಕೈಸೇರಲೇ ಇಲ್ಲ. ಆಕೆ ಮುಂದೆ ಬೇರೊಬ್ಬರನ್ನು ವರಿಸಿದರು. ಕೊನೆಗೂ ಪತ್ರದ ಒಕ್ಕಣೆ ಅವರಿಗೆ ತಿಳಿದದ್ದು 2018ರಲ್ಲಿ, ತಮ್ಮ 99ನೇ ವಯಸ್ಸಿನಲ್ಲಿ. ಹರಾಜು ಕಟ್ಟೆಗೆ ಹೋಗಿದ್ದರೆ ಈ ಪತ್ರಗಳು ನೂರು ಮನೆಗಳ ಕಪಾಟು ಸೇರಿ ಚದುರಿಹೋಗುತ್ತಿದ್ದವು.

ನೂರು ವರ್ಷ ದಾಟಿದ ಮುಳುಗು ಹಡಗುಗಳ ವಸ್ತುಗಳನ್ನು ವ್ಯಾಪಾರಕ್ಕೆ ಬಳಸಬಾರದೆಂಬುದು ಯುನೆಸ್ಕೊದ 2001ರ ಒಡಂಬಡಿಕೆಯ ಆಶಯ. 2012ರಲ್ಲಿ ಟೈಟಾನಿಕ್ ಅದರ ವ್ಯಾಪ್ತಿಗೆ ಬಂದಿತು. ‘ಗೇರುಸೊಪ್ಪ’ಕ್ಕೆ ಆ ವಯಸ್ಸು ತುಂಬುವುದು 2041ರಲ್ಲಿ; ಅಷ್ಟರಲ್ಲಾಗಲೇ ಬೆಳ್ಳಿ ಮಾರಾಟವಾಗಿದೆ.

ಟೈಟಾನಿಕ್‌ನ ಶ್ರೀಮಂತ ಪ್ರಯಾಣಿಕರಂತೆ ಹೆಸರು ಕೊರೆದ ಚಿನ್ನದ ಗಡಿಯಾರಗಳನ್ನು ಬಿಟ್ಟುಹೋಗುವ ಅನುಕೂಲ ಲಸ್ಕರರಿಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಹೀಗೆ ಸಮುದ್ರಪಾಲಾದ ಅವಿಭಜಿತ ಭಾರತದ ಆರು ಸಾವಿರಕ್ಕೂ ಹೆಚ್ಚು ನಾವಿಕರ ಹೆಸರುಗಳ ದಾಖಲೆ ಪುಸ್ತಕಗಳನ್ನು ಮುಂಬಯಿ ಮತ್ತು ಚಿತ್ತಗಾಂಗ್‌ಗಳಲ್ಲಿ ಇರಿಸಲಾಗಿದೆ.