ಖಲಾ: ಬರಿದೆನಿಸುವ ಅವಕಾಶದ ಕಥೆ

ಏನೂ ಇಲ್ಲದ ಜಾಗವೆಂಬುದು ಉಂಟೇ? ಇಸ್ಲಾಮೀ ಜಗತ್ತಿನ ವಿದ್ವಾಂಸರು ‘ಖಲಾ’ ಎಂದು ಕರೆದ ಈ ಶೂನ್ಯದ ಕುರಿತು ಸಾವಿರ ವರ್ಷಗಳ ಹಿಂದೆಯೇ ತೀವ್ರ ವಾಗ್ವಾದ ನಡೆದಿತ್ತು. ಸೀಸೆಯೊಳಗಿನ ಗಾಳಿಯನ್ನು ಬಾಯಿಂದ ಹೀರಿ, ತಲೆಕೆಳಗಾಗಿ ನೀರಿನಲ್ಲಿ ಅದ್ದಿದರೆ ನೀರು ಮೇಲೇರುತ್ತದೆ. ಹೀರಿದ ಬಳಿಕ ಒಳಗಿದ್ದುದು ಶೂನ್ಯವೇ? ಅಲ್ಲ, ಉಳಿದ ಗಾಳಿಯೇ ಹಿಗ್ಗಿ ಜಾಗವನ್ನು ತುಂಬಿತ್ತು ಎಂದರು ಅಲ್ ಫಾರಾಬಿ (ಮರಣ ಕ್ರಿ.ಶ. 950). ಮುಂದೆ ಅಲ್ ಬಿರೂನಿ ಇದೇ ಸೀಸೆಯನ್ನು ಮುಂದಿಟ್ಟು ಇಬ್ನ್ ಸೀನಾರನ್ನು ಪತ್ರಮುಖೇನ ಪ್ರಶ್ನಿಸಿದರು. ಇಬ್ನ್ ಸೀನಾ ಶೂನ್ಯವನ್ನು ಒಪ್ಪಲಿಲ್ಲ. ಇಬ್ಬರೂ ಆಗಿನ್ನೂ ತರುಣರು. ವಿಜ್ಞಾನದ ಹೊಸ ಸುದ್ದಿ ಬಂದಾಗಲೆಲ್ಲ ‘ಇದು ನಮ್ಮಲ್ಲಿ ಮೊದಲೇ ಇತ್ತು’ ಎಂದು ಹೇಳಿ ಸುಮ್ಮನಾಗುವ ನಾವು, ಪ್ರಶ್ನೆ ಕೇಳುವ ಆ ಪರಂಪರೆಯನ್ನೇ ಮರೆತಿರುವುದು ಖೇದಕರ.

ಇಪ್ಪತ್ತನೆಯ ಶತಮಾನದಲ್ಲಿ ಆ ಪ್ರಶ್ನೆ ಹೊಸ ರೂಪ ತಾಳಿತು. ಅವಕಾಶವು ವಸ್ತುಗಳನ್ನಿಡುವ ಬರಿಯ ಪಾತ್ರೆಯಲ್ಲ, ದ್ರವ್ಯದ ಸನ್ನಿಧಿಯಲ್ಲಿ ಅದು ಬಾಗುತ್ತದೆ ಎಂದು 1915ರಲ್ಲಿ ಐನ್‌ಸ್ಟೀನ್ ಪ್ರತಿಪಾದಿಸಿದರು. ಮರುವರ್ಷವೇ ಗುರುತ್ವ ಅಲೆಗಳನ್ನೂ ಸೂಚಿಸಿದರು. ನಮ್ಮ ಕೊಡಗಿನ ಹಾರಂಗಿ ಜಲಾಶಯದ ಅಲೆಗೆ ನೀರು ಬೇಕು. ಬೆಟ್ಟದಾಚೆಯ ಮಸೀದಿಯ ಬಾಂಗು ನಮ್ಮ ಕಿವಿಗೆ ಮುಟ್ಟಲು ಗಾಳಿ ಬೇಕು. ಗುರುತ್ವ ಅಲೆಗೆ ಅಂತಹ ಯಾವ ಮಾಧ್ಯಮವೂ ಬೇಡ. ಅವಕಾಶವೇ ಹಿಗ್ಗುತ್ತ ಕುಗ್ಗುತ್ತ, ಆ ಅಲೆ ಬೆಳಕಿನ ವೇಗದಲ್ಲಿ ಸಾಗುತ್ತದೆ.

ಈ ಇತಿಹಾಸದಲ್ಲಿ ಕನ್ನಡ ನಾಡಿನವರೊಬ್ಬರ ಪಾಲೂ ಇದೆ. 1938ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಸಿ.ವಿ. ವಿಶ್ವೇಶ್ವರ ಅವರು ಅಮೆರಿಕದಲ್ಲಿ ಸಂಶೋಧಕರಾಗಿದ್ದಾಗ, ಕಪ್ಪುರಂಧ್ರವೊಂದಕ್ಕೆ ಗುರುತ್ವ ಅಲೆ ಬಡಿದರೆ ಏನಾದೀತೆಂದು ಲೆಕ್ಕ ಹಾಕಿದರು. ‘ಕಪ್ಪುರಂಧ್ರ’ ಎಂಬ ಹೆಸರೇ ಆಗಿನ್ನೂ ಹೊಸತು. ಉತ್ತರ 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು: ಬಡಿದ ಗಂಟೆಯಂತೆ ಅದು ಮಿಡಿದು ಬಲುಬೇಗ ಶಾಂತವಾಗುತ್ತದೆ, ಆ ಮಿಡಿತದಿಂದಲೇ ಅದರ ದ್ರವ್ಯರಾಶಿಯನ್ನು ಅರಿಯಬಹುದು. ಗಂಟೆಯಲ್ಲಾದರೋ ಕಂಚಿದೆ. ಕಪ್ಪುರಂಧ್ರದ ಅಂಚಿನಲ್ಲಿ ಮಿಡಿಯಲು ಯಾವ ದ್ರವ್ಯವೂ ಇಲ್ಲ, ಬಾಗಿದ ಅವಕಾಶವೊಂದೇ ಇರುವುದು. ಖಲಾ ಎಂದರೆ ‘ಏನೂ ಇಲ್ಲ’ ಎಂದು ಇನ್ನು ಹೇಗೆ ಹೇಳೋಣ?

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು ಅಂತಹ ಅಲೆಯನ್ನು ಮೊದಲ ಬಾರಿಗೆ ಗುರುತಿಸಿದವು. ಅದಕ್ಕಾಗಿ 4 ಕಿ.ಮೀ. ಉದ್ದದ ಕೊಳವೆಗಳಿಂದ ಗಾಳಿಯನ್ನು ಹೊರತೆಗೆಯಲಾಗಿತ್ತು. ಫಾರಾಬಿಯವರ ಸೀಸೆ ನೆನಪಾಗುತ್ತದೆ! ಆ ಉದ್ದದಲ್ಲಿ ಆದ ಏರಿಳಿತವು ಪ್ರೋಟಾನಿನ ಗಾತ್ರದ ನೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ ಎರಡು ಕಪ್ಪುರಂಧ್ರಗಳು ಒಂದಾಗಿ, 3 ಸೂರ್ಯರಷ್ಟು ದ್ರವ್ಯರಾಶಿ ಅಲೆಗಳ ಶಕ್ತಿಯಾಗಿ ಹರಿದುಹೋಗಿತ್ತು. ಸಂಕೇತದ ಕೊನೆಯ ತುಣುಕು ವಿಶ್ವೇಶ್ವರರು ಲೆಕ್ಕ ಹಾಕಿದ್ದ ಮಿಡಿತಕ್ಕೆ ಹೊಂದುವಂತಿತ್ತು.

2016ರ ಫೆಬ್ರವರಿ 11ರಂದು ಈ ಸುದ್ದಿ ಪ್ರಕಟವಾದಾಗ ಅವರು ಜೀವಂತವಾಗಿದ್ದರು. ಮರುವರ್ಷದ ಜನವರಿಯಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅಲ್ಲಿಯ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ.